ಪರದೆ ಬಟ್ಟೆಯ ಬಾವುಟ

ತಗ್ಗಿನಲ್ಲಿ ನಗರಸಭೆ ಕಟ್ಟಿಸಿದ್ದು ಒಂದೇ ಒಂದು ಕಟ್ಟಡ. ಅದು ಕಕ್ಕಸು. ಅದಕ್ಕೆ ಸಿಮೆಂಟಿನ ತಾರಸಿ ಇತ್ತು, ಬಾಗಿಲಿಗೆ ಬಣ್ಣ ಇತ್ತು, ಉದ್ಘಾಟನೆ ಮಾಡಿದವರ ಹೆಸರು ಕೆತ್ತಿದ ಕಲ್ಲು ಇತ್ತು. ನೀರು ಮಾತ್ರ ಇರಲಿಲ್ಲ. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು. ಮೇಲಿನ ಅಣೆಕಟ್ಟಿನವರು ಯಾರಿಗೂ ಹೇಳದೆ ಕೇಳದೆ ಬಾಗಿಲು ತೆಗೆದ ರಾತ್ರಿ ಆ ಕಕ್ಕಸಿಗೆ ಮೊದಲ ಸಲ ನೀರು ಬಂತು. ಬಂದದ್ದು ತಾರಸಿಯ ಅಂಚಿನವರೆಗೂ ಬಂತು.

ತಗ್ಗಿನವರೆಲ್ಲ ಊರು ಗುಡಿಸುವವರು. ಊರಿನ ಕಸ ಎತ್ತಿ, ಊರಿನ ಚರಂಡಿ ಬಾಚಿ, ಆ ಚರಂಡಿಗಳೆಲ್ಲ ಬಂದು ಹೊಳೆ ಸೇರುವ ಜಾಗದಲ್ಲಿ ಮನೆ ಮಾಡಿಕೊಂಡಿದ್ದರು. ಮನೆ ಅಂದರೆ ನಾಲ್ಕು ಕಡೆ ತಗಡು, ಮೇಲೊಂದು ತಗಡು. ನೀರು ಬಂದಾಗ ತಗಡುಗಳು ಒಂದರ ಹಿಂದೊಂದು ತೇಲಿಕೊಂಡು ಹೋದವು. ಜನ ಕಕ್ಕಸಿನ ತಾರಸಿ ಹತ್ತಿದರು.

ಗುಂಡುಸೂಜಿ ಹತ್ತಿದ್ದು ನಾದಿನಿಯನ್ನು ಬೆನ್ನ ಮೇಲೆ ಹೊತ್ತುಕೊಂಡು. ನಾದಿನಿಗೆ ಹುಟ್ಟಿದಾಗಿನಿಂದ ಕಾಲಿಲ್ಲ ಅನ್ನಬೇಕು. ಇದ್ದರೂ ಕೆಲಸಕ್ಕೆ ಬಾರದವು. ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತಲ್ಲೇ ದುಡಿಯುತ್ತಿದ್ದಳು. ಗುಂಡುಸೂಜಿ ಅನ್ನುವ ಹೆಸರನ್ನು ಅತ್ತಿಗೆಗೆ ಇಟ್ಟವಳೂ ಅವಳೇ. ಕುಳ್ಳಗಿನ ಹೆಂಗಸು, ಬೀದಿಯಲ್ಲಿ ಬಿದ್ದ ಪಿನ್ನುಗಳನ್ನೆಲ್ಲ ಆರಿಸಿ ಕೆಲಸದ ಜಾಕೆಟ್ಟಿನ ಅಂಚಿಗೆ ಚುಚ್ಚಿಕೊಂಡು ಬರುತ್ತಿದ್ದಳು. ಮಾತೂ ಅಷ್ಟೇ, ಎಲ್ಲಿ ಚುಚ್ಚಬೇಕೋ ಅಲ್ಲಿಗೇ ಹೋಗುತ್ತಿತ್ತು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಉಳಿದವರು ಅತ್ತೆ, ನಾದಿನಿ, ಇವಳು.

ಅತ್ತೆ ಹಿಂದಿನಿಂದ ಪೊರಕೆಗಳನ್ನು ಹಿಡಿದುಕೊಂಡು ಬಂದಳು. ಪಾತ್ರೆ ಬಿಟ್ಟಳು, ಹಾಸಿಗೆ ಬಿಟ್ಟಳು, ಪೊರಕೆ ಬಿಡಲಿಲ್ಲ. ಅವಳೊಬ್ಬಳೇ ಅಲ್ಲ, ಎಲ್ಲರೂ ಹಾಗೇ ಮಾಡಿದ್ದರು. ಪೊರಕೆ ಕಳೆದರೆ ಮೇಸ್ತ್ರಿಗೆ ಉತ್ತರ ಹೇಳಬೇಕು. ಮನೆ ಕಳೆದರೆ ಯಾರೂ ಕೇಳುವುದಿಲ್ಲ.

ತಾರಸಿಯಲ್ಲಿ ಜಾಗ ಸಾಲಲಿಲ್ಲ. ಅತ್ತೆ ಕೆಳಗಿನ ನೀರಿನ ತೊಟ್ಟಿಯ ಮೇಲೆ ನಿಂತು, ಗೋಡೆಯ ಪೈಪನ್ನು ತಬ್ಬಿಕೊಂಡಳು. ಸೊಂಟದವರೆಗೆ ನೀರು.

"ಅತ್ತೆ, ಮೇಲೆ ಬನ್ನಿ, ನಾನು ಇಳೀತೀನಿ," ಅಂದಳು ಗುಂಡುಸೂಜಿ.

"ನೀನು ಇಳಿದ್ರೆ ಅವಳನ್ನ ಯಾರು ಹಿಡ್ಕೋತಾರೆ? ಸುಮ್ನಿರು. ದೋಣಿ ಬರುತ್ತೆ."

ಆಗ ಗುಂಡುಸೂಜಿಗೆ ಒಂದು ಉಪಾಯ ಹೊಳೆಯಿತು. ಗುಡಿಸುವವರಿಗೆ ನಗರಸಭೆ ಜಾಕೆಟ್ ಕೊಟ್ಟಿತ್ತು. ಪೊರಕೆಯ ಜೊತೆಗೆ ಅದನ್ನೂ ಎಲ್ಲರೂ ತಂದಿದ್ದರು. ಅದರ ಎದೆಗೂ ಬೆನ್ನಿಗೂ ಬೆಳ್ಳಿ ಬಣ್ಣದ ಪಟ್ಟಿ; ಬೆಳಕು ಬಿದ್ದರೆ ಝಗ್ಗನೆ ಹೊಳೆಯುತ್ತದೆ. ಬೆಳಗಿನ ಜಾವದ ಕತ್ತಲಲ್ಲಿ ರಸ್ತೆ ಗುಡಿಸುವಾಗ ಕಾರಿನವರಿಗೆ ಕಾಣಲಿ ಅಂತ ಅದನ್ನು ಹೊಲಿಸಿದ್ದರು. ಯಾರಾದರೂ ಅಡ್ಡ ಸಿಕ್ಕರೆ ಕಾರಿಗೆ ಪೆಟ್ಟು ಬೀಳುತ್ತದಲ್ಲ.

"ಎಲ್ರೂ ಜಾಕೆಟ್ ಹಾಕ್ಕೊಳ್ರೋ! ದೋಣಿ ಲೈಟು ಬಿದ್ರೆ ಹೊಳೀತೀವಿ. ಪೊರಕೆ ಮೇಲೆತ್ತಿ ಬೀಸಿ!"

ಹಾಕಿಕೊಂಡರು, ಬೀಸಿದರು. ರಕ್ಷಣಾ ದೋಣಿ ಬಂತು. ಅದರ ದೊಡ್ಡ ಲೈಟು ಕಕ್ಕಸಿನ ಮೇಲೆ ಬಿತ್ತು. ತಾರಸಿಯೆಲ್ಲ ಹೊಳೆಯಿತು. ಹೆಂಗಸರು ಕಿರುಚಿದರು, ಗಂಡಸರು ಕಿರುಚಿದರು. ಎಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ. ದೋಣಿಯ ಮೈಕು ಮಾತ್ರ ಇವರಿಗೆ ಚೆನ್ನಾಗಿ ಕೇಳಿಸಿತು.

"ಸ್ವಚ್ಛತಾ ಸಿಬ್ಬಂದಿಗೆ ಅಭಿನಂದನೆಗಳು. ಕೆಲಸ ಮುಂದುವರಿಸಿ. ಜೋಪಾನ."

ಲೈಟು ಆ ಕಡೆ ತಿರುಗಿತು. ದೋಣಿ ಹೋಯಿತು. ಅದರೊಳಗೆ ಆಗಲೇ ಎದುರು ದಂಡೆಯ ಬಂಗಲೆಯ ಸಂಸಾರ ಇತ್ತು, ಬಂಗಲೆಯ ನಾಯಿ ಇತ್ತು. ನಾಯಿ ಜಾಕೆಟ್ ಹಾಕಿರಲಿಲ್ಲ.

ಅತ್ತೆ ಇನ್ನೂ ಸ್ವಲ್ಪ ಹೊತ್ತು ಪೈಪು ಹಿಡಿದುಕೊಂಡಿದ್ದಳು. ಗುಂಡುಸೂಜಿ ಒಂದು ಕೈಯಲ್ಲಿ ನಾದಿನಿಯನ್ನು ಹಿಡಿದು, ಇನ್ನೊಂದನ್ನು ಕೆಳಗೆ ಚಾಚಿ ಅತ್ತೆಯ ಜಾಕೆಟ್ಟಿನ ಕೊರಳಪಟ್ಟಿ ಹಿಡಿದಿದ್ದಳು. ತೋಳು ಮರಗಟ್ಟಿತು. ಬೆರಳುಗಳು ತನ್ನವಲ್ಲ ಅನ್ನಿಸಿತು. ಯಾವಾಗ ಬಿಟ್ಟುಹೋಯಿತೋ ಅವಳಿಗೆ ಗೊತ್ತಾಗಲೇ ಇಲ್ಲ.

ನೀರು ಇಳಿದ ಮೇಲೆ ಅತ್ತೆ ಸಿಕ್ಕಿದ್ದು ಸೇತುವೆಯ ಕಂಬದ ಬುಡದಲ್ಲಿ, ಸಿಕ್ಕಿಹಾಕಿಕೊಂಡ ಕಸದ ರಾಶಿಯ ನಡುವೆ. ಕಂಡವರು ಪೊಲೀಸರಿಗೆ ಹೇಳಿದರು. ಕಸದಲ್ಲಿದೆ ಅಂದಮೇಲೆ ಅದು ನಗರಸಭೆಯದು ಅಂದರು ಪೊಲೀಸರು. ನಗರಸಭೆಯವರು ಗುಡಿಸುವ ತಂಡವನ್ನು ಕಳಿಸಿದರು. ಗುಂಡುಸೂಜಿಯೇ ಇಳಿದಳು. ಎದೆಮಟ್ಟದ ಕೆಸರಿನಲ್ಲಿ ನಿಂತು, ಪ್ಲಾಸ್ಟಿಕ್ಕು ಬಿಡಿಸಿ, ಬಳ್ಳಿ ಬಿಡಿಸಿ, ಅತ್ತೆಯನ್ನು ಎತ್ತಿ ಕೊಟ್ಟಳು. ಜಾಕೆಟ್ಟಿನ ಪಟ್ಟಿ ಇನ್ನೂ ಹೊಳೆಯುತ್ತಿತ್ತು. ಒಳ್ಳೆ ಮಾಲು.

ಆಮೇಲೆ ವಿಚಾರಣೆ ನಡೆಯಿತು. ನಗರಸಭೆಯ ದೊಡ್ಡ ಸಾಹೇಬರು ಕುರ್ಚಿಯಲ್ಲಿ ಕೂತರು. ತಗ್ಗಿನವರು ಗೋಡೆಗೆ ಒರಗದ ಹಾಗೆ ನಿಂತರು, ಯಾಕೆಂದರೆ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ನಾದಿನಿಯನ್ನು ಗುಂಡುಸೂಜಿ ನೆಲದ ಮೇಲೆ ಕೂರಿಸಿದಳು. ದೋಣಿಯ ಯಜಮಾನ ಸತ್ಯವನ್ನೇ ಹೇಳಿದ.

"ಜಾಕೆಟ್ ಕಾಣಿಸ್ತು ಸಾರ್. ಕೈಯಲ್ಲಿ ಪೊರಕೆ ಇತ್ತು. ಆಡಿಸ್ತಾ ಇದ್ರು. ಡ್ಯೂಟಿ ಮೇಲಿದಾರೆ ಅಂದ್ಕೊಂಡೆ. ಇಂಥ ಟೈಮಲ್ಲೂ ದುಡೀತಾರಲ್ಲ ಅಂತ ನನಗಂತೂ ಕಣ್ಣಲ್ಲಿ ನೀರು ಬಂತು."

ಸಾಹೇಬರಿಗೂ ಮನಸ್ಸು ಕರಗಿತು. ತಲೆಯಾಡಿಸಿದರು.

"ಸುತ್ತ ನೀರು, ಕಕ್ಕಸಿನ ನೆತ್ತಿ, ನಡುರಾತ್ರಿ," ಅಂದಳು ನಾದಿನಿ ನೆಲದಿಂದಲೇ. "ಅಲ್ಲಿ ಏನು ಗುಡಿಸ್ತಿದ್ವಿ ಸಾರ್ ನಾವು?"

"ಅದು ನಿಮ್ಮ ಕೆಲಸದ ವಿಷಯ. ದೋಣಿಯವರಿಗೆ ಹೇಗಮ್ಮ ಗೊತ್ತಾಗುತ್ತೆ?"

ಸಾಹೇಬರು ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. ಗುಡಿಸುವವರ ಮೇಲೆ ನಿಗಾ ಇಡುವ ಈ ಮೇಸ್ತ್ರಿಗೆ ಎಲ್ಲರೂ ಸೀಟಿ ಅನ್ನುತ್ತಿದ್ದರು. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು. ಸತ್ತವಳ ಹಿರಿಮಗ ಅವನು. ನಾದಿನಿಗೆ ಒಡಹುಟ್ಟಿದ ಅಣ್ಣ, ಗುಂಡುಸೂಜಿಗೆ ಭಾವ. ಪೊರಕೆ ಹಿಡಿದು ಶುರು ಮಾಡಿ ಮೇಸ್ತ್ರಿಯಾದವನು. ಆದ ಕೂಡಲೇ ದಿಬ್ಬದ ಮೇಲಿನ ಕ್ವಾರ್ಟರ್ಸಿಗೆ ಹೋಗಿಬಿಟ್ಟಿದ್ದ. ಅಲ್ಲಿಗೆ ನೀರು ಬರುವುದಿಲ್ಲ.

"ಏನಪ್ಪಾ, ನಿಮ್ಮ ತಾಯಿ ಡ್ಯೂಟಿ ಮೇಲಿದ್ರಾ?"

ಸೀಟಿ ತಂಗಿಯ ಕಡೆ ನೋಡಲಿಲ್ಲ. "ಜಾಕೆಟ್ ಹಾಕಿದ್ಲು ಸಾರ್," ಅಂದ.

ಅಷ್ಟು ಸಾಕಾಯಿತು. ಕೆಲಸವಿಲ್ಲದ ಹೊತ್ತಿನಲ್ಲಿ ಸಮವಸ್ತ್ರ ತೊಟ್ಟು ರಕ್ಷಣಾ ತಂಡದ ದಾರಿ ತಪ್ಪಿಸಿದ್ದು ತಗ್ಗಿನವರ ತಪ್ಪು ಅಂತ ತೀರ್ಮಾನವಾಯಿತು. ಆದರೆ ಸಾಹೇಬರು ದಯಾವಂತರು. ಈ ಸಲ ಕ್ಷಮಿಸಿದರು. ಇನ್ನು ಮುಂದೆ ಕೆಲಸ ಮುಗಿದ ತಕ್ಷಣ ಜಾಕೆಟ್ಟುಗಳನ್ನು ಉಗ್ರಾಣಕ್ಕೆ ಒಪ್ಪಿಸಬೇಕು, ಮನೆಗೆ ಒಯ್ಯಬಾರದು ಅಂತ ಹುಕುಂ ಆಯಿತು. ಗೊಂದಲದ ಬೇರನ್ನೇ ಕಿತ್ತರು.

ಇಷ್ಟಕ್ಕೇ ಬಿಡಲಿಲ್ಲ. ತಗ್ಗಿನವರಿಗೆ ಬಾವುಟ ಕೊಡುವುದು ಅಂತಲೂ ಆಯಿತು. ನೀರು ಬಂದರೆ ಬಾವುಟ ಏರಿಸಬೇಕು, ಕಂಡ ತಕ್ಷಣ ದೋಣಿ ಬರುತ್ತದೆ. ಬಣ್ಣ ಯಾವುದು ಅನ್ನುವುದರ ಮೇಲೆ ಚರ್ಚೆ ಬಹಳ ದಿನ ನಡೆಯಿತು. ಕೆಂಪು ಬೇಡ, ಮುಷ್ಕರ ಅಂದುಕೊಳ್ಳುತ್ತಾರೆ. ಬಿಳಿ ಬೇಡ, ಸೋತುಹೋದೆವು ಅಂದಹಾಗೆ ಆಗುತ್ತದೆ. ಹಳದಿ ಯಾರಿಗೋ ಆಗಿಬರುವುದಿಲ್ಲ. ಕೊನೆಗೆ ಸಾಹೇಬರ ಕೋಣೆಗೆ ತರಿಸಿದ ಪರದೆ ಬಟ್ಟೆ ಮಿಕ್ಕಿತ್ತು. ಕಡುನೀಲಿ. ದಪ್ಪಗೆ, ಗಟ್ಟಿಮುಟ್ಟಾಗಿತ್ತು, ಮಧ್ಯಾಹ್ನದ ಬಿಸಿಲನ್ನೇ ಒಳಗೆ ಬಿಡದ ಬಟ್ಟೆ. ಅದನ್ನೇ ಕತ್ತರಿಸಿದರು.

ಹಂಚಿದ್ದು ನಡುಮಧ್ಯಾಹ್ನ, ಶಾಮಿಯಾನ ಹಾಕಿ. ಸಾಹೇಬರು ದಂಡೆಯ ಮೇಲೆ ನಿಂತು ದುರ್ಬೀನು ಕಣ್ಣಿಗೆ ಹಿಡಿದರು. ತಗ್ಗಿನಲ್ಲಿ ಒಬ್ಬ ಗಳುವಿಗೆ ಬಾವುಟ ಕಟ್ಟಿ ಎತ್ತಿ ಹಿಡಿದ.

"ಅದ್ಭುತ," ಅಂದರು ಸಾಹೇಬರು. "ಎದ್ದು ಕಾಣ್ತಾ ಇದೆ."

"ಸಾರ್, ರಾತ್ರಿ?" ಅಂತ ಕೇಳಿದಳು ಗುಂಡುಸೂಜಿ.

"ರಾತ್ರಿ ಏನು?"

"ರಾತ್ರಿ ನೀರು ಬಂದ್ರೆ ಕಡುನೀಲಿ ಎಲ್ಲಿ ಕಾಣುತ್ತೆ ಸಾರ್? ನಮ್ಮ ಜಾಕೆಟ್ಟಿನ ಪಟ್ಟಿ ಇದೆಯಲ್ಲ, ಅಂಥದ್ದೊಂದು ಗೇಣು ಹಾಕಿಸಿಕೊಡಿ. ಲೈಟಿಗೆ ಹೊಳೆಯುತ್ತೆ."

"ಅಯ್ಯೋ, ಆ ಪಟ್ಟಿ ರಸ್ತೆಯ ಬಾಬ್ತು. ಇದು ಹೊಳೆಯ ಬಾಬ್ತು. ರಸ್ತೆದು ತಂದು ಹೊಳೆಗೆ ಹಾಕಕ್ಕಾಗುತ್ತಾ?" ಸಾಹೇಬರು ನಕ್ಕರು. "ರಾತ್ರಿ ಬಂತು ಅಂದ್ರೆ ಬೆಳಗಾಗೋವರೆಗೆ ಹೇಗೋ ಸುಧಾರಿಸ್ಕೊಳಿ. ಬೆಳಗಾಗೇ ಆಗುತ್ತೆ."

ಜನ ಚಪ್ಪಾಳೆ ಹೊಡೆದರು. ಸೀಟಿ ಊದಿದ ಮೇಲೆ ಹೊಡೆದರು.

ಆವತ್ತು, ಮತ್ತೆ ಕಟ್ಟಿಕೊಂಡಿದ್ದ ತಗಡಿನ ಮನೆಗೆ ಬಂದ ಗುಂಡುಸೂಜಿ ಬಾವುಟವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ಬೇರೆಯವರ ಮೇಲಿನ ಸಿಟ್ಟು ಒಂದು ಪಾಲಾದರೆ, ಜಾಕೆಟ್ ಹಾಕಿಕೊಳ್ಳಿ ಅಂದ ತನ್ನ ನಾಲಿಗೆಯ ಮೇಲಿನ ಸಿಟ್ಟು ಇನ್ನೊಂದು ಪಾಲು. ಮುಂದಿನ ಸಲ ನೀರು ಬಂದರೆ ಬೆನ್ನ ಮೇಲೆ ಇರುವವಳು ಇದೇ ನಾದಿನಿ. ಅವಳಿಗೆ ಓಡಲು ಬರುವುದಿಲ್ಲ, ಈಜಲು ಬರುವುದಿಲ್ಲ. ಯಾರಾದರೂ ಕಂಡು ಬಂದು ಎತ್ತಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

"ಅತ್ತಿಗೆ," ಅಂದಳು ನಾದಿನಿ, "ಜಾಕೆಟ್ ನೋಡಿದ್ರೆ ಡ್ಯೂಟಿ ಅಂತಾರೆ. ಬಾವುಟ ನೋಡಿದ್ರೆ ಡ್ಯೂಟಿ ಅನ್ನಲ್ಲ ತಾನೆ?"

"ಬಾವುಟಕ್ಕೆ ಕೈಯಿಲ್ಲ. ಪೊರಕೆ ಹಿಡಿಯಕ್ಕಾಗಲ್ಲ ಅದಕ್ಕೆ."

"ಹಾಗಾದ್ರೆ ಪಟ್ಟಿ ತಾ. ನಾನು ಹೊಲೀತೀನಿ."

ಮರುದಿನ ಕೆಲಸ ಮುಗಿದ ಮೇಲೆ ಯಾರೂ ಜಾಕೆಟ್ ಒಪ್ಪಿಸಲಿಲ್ಲ. ಸೀರೆಯೊಳಗೆ, ಊಟದ ಡಬ್ಬಿಯ ಚೀಲದೊಳಗೆ ತುರುಕಿಕೊಂಡು ತಗ್ಗಿಗೆ ತಂದರು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಪಟ್ಟಿ ದಪ್ಪ, ಪರದೆ ಬಟ್ಟೆ ಅದಕ್ಕಿಂತ ದಪ್ಪ. ನೀರಿಳಿದ ಮೇಲೆ ಕೆಸರಿನಿಂದ ಎತ್ತಿ ಒರೆಸಿಟ್ಟಿದ್ದ ಮೆಷಿನ್ನಿನ ಸೂಜಿ ಮುರಿಯಿತು. ಇನ್ನೊಂದು ಹಾಕಿದರೆ ಅದೂ ಮುರಿಯಿತು. ನಾದಿನಿ ಬೈಯುತ್ತ ದಬ್ಬಣ ತೆಗೆದುಕೊಂಡಳು. ಹೆಂಗಸರೆಲ್ಲ ಸುತ್ತ ಕೂತು ಕೈಯಲ್ಲೇ ಹೊಲಿದರು. ಬೆರಳ ತುದಿಗಳಲ್ಲಿ ರಕ್ತ ಬಂತು. ಮೊದಲ ಬಾವುಟ ಸಿದ್ಧವಾದಾಗ ಅದನ್ನು ನೀರಿನಲ್ಲಿ ಅದ್ದಿ ಎತ್ತಿ ನೋಡಿದರು. ಒದ್ದೆ ಬಟ್ಟೆ ಗಳುವಿಗೆ ಅಂಟಿಕೊಂಡು ಜೋತುಬಿತ್ತು. ಪಟ್ಟಿ ಮಡಿಕೆಯೊಳಗೆ ಅಡಗಿತು.

"ಮಲಗಿಬಿಡ್ತಲ್ಲೇ ಇದು!"

"ಸಾಹೇಬರ ಕೋಣೆದಲ್ವಾ, ಅಭ್ಯಾಸ," ಅಂದಳು ನಾದಿನಿ.

ನಗು ಶುರುವಾದದ್ದು ನಿಲ್ಲಲೇ ಇಲ್ಲ. ನೀರು ಬಂದುಹೋದ ಮೇಲೆ ತಗ್ಗಿನಲ್ಲಿ ಅಷ್ಟು ನಕ್ಕದ್ದು ಅದೇ ಮೊದಲು. ಕೊನೆಗೆ ಮೇಲಂಚಿಗೂ ಕೆಳಂಚಿಗೂ ಪೊರಕೆಯ ಹಿಡಿಯನ್ನೇ ಕತ್ತರಿಸಿ ತೂರಿಸಿದರು. ಬಾವುಟ ಒದ್ದೆಯಾದರೂ ಬಿಚ್ಚಿಕೊಂಡೇ ನಿಂತಿತು. ಕತ್ತಲಾಗುತ್ತಿದ್ದ ಹಾಗೆ ಗುಂಡುಸೂಜಿ ಟಾರ್ಚು ಹಿಡಿದು ಆಚೆ ದಂಡೆಯವರೆಗೆ ನಡೆದು ಹೋದಳು. ಅಲ್ಲಿಂದ ಬೆಳಕು ಬಿಟ್ಟಳು. ಕಕ್ಕಸಿನ ಮೇಲೆ, ಮನೆಗಳ ಮೇಲೆ, ಒಂದೊಂದಾಗಿ ಬೆಳ್ಳಿಗೆರೆಗಳು ಎದ್ದು ನಿಂತವು. ಅವಳು ಅಲ್ಲೇ ಕೂತು ಅತ್ತಳು. ಇಷ್ಟೇ ಇದ್ದದ್ದು. ಒಂದು ಗೇಣು ಪಟ್ಟಿ.

ಬೆಳಗಿನ ಜಾವ ಅವರು ಪಟ್ಟಿಯಿಲ್ಲದ ಜಾಕೆಟ್ ತೊಟ್ಟು ರಸ್ತೆಗಿಳಿದರು. ಕಾರೊಂದು ಬಂದು ಕಸದ ಗಾಡಿಗೆ ಗುದ್ದಿತು. ಗಾಡಿ ತಳ್ಳುತ್ತಿದ್ದ ಹೆಂಗಸು ಹಾರಿಕೊಂಡಳು, ಮೊಣಕೈ ತರಚಿತು. ಕಾರಿನ ಮೂತಿ ನೆಗ್ಗಿತು. ಕಾರಿನವನು ಸಾಹೇಬರಿಗೆ ಬೇಕಾದವನು. ಮೊಣಕೈ ಯಾರಿಗೂ ಬೇಕಾದದ್ದಲ್ಲ.

ಸಾಹೇಬರು ಉಗ್ರಾಣದ ಅಂಗಳಕ್ಕೆ ಖುದ್ದಾಗಿ ಬಂದರು. ಸೀಟಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಸಾಹೇಬರು ಒಬ್ಬೊಬ್ಬರ ಎದೆಯ ಮೇಲೂ ಬೆರಳಿಟ್ಟು, ಪಟ್ಟಿ ಕಿತ್ತ ಜಾಗದ ಹೊಲಿಗೆಯ ತೂತುಗಳನ್ನು ಪರೀಕ್ಷೆ ಮಾಡಿದರು. ಹೆಂಗಸರ ಎದೆಯನ್ನೂ ಬಿಡಲಿಲ್ಲ. ಗುಂಡುಸೂಜಿಯ ಹತ್ತಿರ ಬಂದಾಗ ಪಿನ್ನು ಚುಚ್ಚಿತು. ಬೆರಳು ಹಿಂದಕ್ಕೆ ಹೋಯಿತು.

"ಸಾರ್ವಜನಿಕ ಆಸ್ತಿ ಇದು! ನಿಮ್ಮಪ್ಪಂದು ಅಂದ್ಕೊಂಡ್ರಾ?"

ಸಾಹೇಬರು ಬೆರಳನ್ನು ಕರ್ಚೀಫಿನಲ್ಲಿ ಒರೆಸಿಕೊಂಡರು.

"ಈ ಪಟ್ಟಿ ಯಾಕೆ ಹಾಕಿರೋದು ಗೊತ್ತಾ? ನಿಮ್ಮ ಜೀವ ಉಳೀಲಿ ಅಂತ!"

"ಅದಕ್ಕೇ ಸಾರ್ ಬಾವುಟಕ್ಕೆ ಹಾಕಿದ್ದು," ಅಂದಳು ಗುಂಡುಸೂಜಿ.

"ಎದುರು ಮಾತಾಡ್ಬೇಡ. ಇವತ್ತೇ ಬಾವುಟದಿಂದ ಬಿಚ್ಚಬೇಕು, ಜಾಕೆಟ್ಟಿಗೆ ಹೊಲೀಬೇಕು. ನಾಳೆ ಬೆಳಗಿನ ಜಾವ ನಾನೇ ಬಂದು ನೋಡ್ತೀನಿ."

"ಬಿಚ್ಚಲ್ಲ."

ಸೀಟಿ ಎರಡು ಹೆಜ್ಜೆ ಮುಂದೆ ಬಂದ. "ಲೇ, ಸುಮ್ನಿರಮ್ಮ," ಅಂದ ಮೆಲ್ಲಗೆ.

"ನೀವು ಸುಮ್ನಿದ್ದದ್ದು ಸಾಕಲ್ವಾ ಭಾವ? ನಮ್ಮೆಲ್ಲರ ಪಾಲಿಂದೂ ನೀವೇ ಇದ್ದುಬಿಟ್ರಿ." ಅವಳು ಸಾಹೇಬರ ಕಡೆ ತಿರುಗಿದಳು. "ಬಿಚ್ಚಲ್ಲ ಸಾರ್."

"ಪಟ್ಟಿ ಇಲ್ದೆ ಕತ್ತಲಲ್ಲಿ ಗುಡಿಸ್ತೀಯಾ? ಯಾವನಾದ್ರೂ ಹತ್ತಿಸ್ಕೊಂಡು ಹೋಗ್ತಾನೆ!"

"ಕತ್ತಲಲ್ಲಿ ಗುಡಿಸಲ್ಲ."

"ಅಂದ್ರೆ?"

"ಬೆಳಕು ಹರಿದ ಮೇಲೆ ಬರ್ತೀವಿ. ಬಿಸಿಲಲ್ಲಿ ಪಟ್ಟಿ ಯಾಕೆ ಬೇಕು? ಬರಿಗಣ್ಣಿಗೇ ಕಾಣ್ತೀವಿ." ಅವಳು ಜಾಕೆಟ್ ಕಳಚಿ ಉಗ್ರಾಣದ ಮೆಟ್ಟಿಲ ಮೇಲೆ ಹಾಕಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ರಾಶಿ ಸಾಹೇಬರ ಮೊಣಕಾಲಿನವರೆಗೆ ಬಂತು.

ಮಾರನೆಯ ದಿನ ಊರು ಎದ್ದಾಗ ನಿನ್ನೆಯ ಕಸ ನಿನ್ನೆಯ ಜಾಗದಲ್ಲೇ ಇತ್ತು. ನಾಯಿಗಳು ಎಳೆದಾಡಿ ಹರಡಿದ್ದವು. ಊರಿನವರಿಗೆ ದಿಗಿಲಾಯಿತು. ಕಸ ರಾತ್ರಿ ಕಳೆಯುವಷ್ಟರಲ್ಲಿ ತನ್ನಷ್ಟಕ್ಕೆ ಆವಿಯಾಗುತ್ತದೆ ಅಂತಲೇ ಬಹಳ ಜನ ನಂಬಿದ್ದರು. ಕಚೇರಿಗಳು ತೆರೆಯುವ ಹೊತ್ತಿಗೆ, ದೊಡ್ಡ ರಸ್ತೆ ಗಾಡಿಗಳಿಂದ ಕಿಕ್ಕಿರಿದಿರುವಾಗ, ಗುಡಿಸುವವರು ಬಂದರು. ರಸ್ತೆಯ ಅಗಲಕ್ಕೂ ಸಾಲಾಗಿ ನಿಂತರು. ಬಗ್ಗಿ ಗುಡಿಸಿದರು, ಅಚ್ಚುಕಟ್ಟಾಗಿ. ಒಂದು ಕಾಗದ ಬಿಡಲಿಲ್ಲ, ಒಂದು ಸಿಪ್ಪೆ ಬಿಡಲಿಲ್ಲ. ಧೂಳು ಎದ್ದು ಇಸ್ತ್ರಿ ಬಟ್ಟೆಗಳ ಮೇಲೆ ಕೂತಿತು. ಹಾರನ್ನುಗಳು ಹೊಡೆದುಕೊಂಡವು. ಕಾರೊಂದರ ಕಿಟಕಿ ಇಳಿಯಿತು. ಒಬ್ಬ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡಿದ್ದಳು.

"ಇದನ್ನೆಲ್ಲ ಯಾರೂ ಇಲ್ಲದ ಹೊತ್ತಲ್ಲಿ ಮಾಡಬಾರದೇನ್ರಮ್ಮ?"

"ಯಾರೂ ಇಲ್ಲದ ಹೊತ್ತಲ್ಲಿ ನಾವು ಇದ್ವಿ ಅಕ್ಕ," ಅಂದಳು ಗುಂಡುಸೂಜಿ. "ಕಿಟಕಿ ಏರಿಸ್ಕೊಳಿ, ಧೂಳು ಬರುತ್ತೆ."

ಗುಡಿಸಿದ ಕಸವನ್ನು ರಸ್ತೆಯ ನಡುವೆ ಒಟ್ಟಿದರು. ಒಟ್ಟಿದ ಮೇಲೆ ದಣಿವಾರಿಸಿಕೊಳ್ಳಲು ಅದರ ಪಕ್ಕದಲ್ಲೇ ಕೂತರು. ಸಾಲಿನ ಹಿಂದೆಲ್ಲೋ ಸಿಕ್ಕಿಕೊಂಡಿದ್ದ ಸಾಹೇಬರ ಕಾರಿನ ಬಾಗಿಲು ತೆರೆಯಿತು. ಸಾಹೇಬರು ಪ್ಯಾಂಟು ಎತ್ತಿಕೊಂಡು ನಡೆದು ಬಂದರು. ಹಿಂದೆ ಸೀಟಿ.

"ಏಳ್ರೀ ಮೇಲೆ! ಹೊಸ ಪಟ್ಟಿ ತರಿಸೋಣ, ನೋಡೋಣ, ಮಾತಾಡೋಣ. ಮೊದಲು ರಸ್ತೆ ಬಿಡಿ."

"ಮೊದಲು ಪಟ್ಟಿ ಸಾರ್. ಬಾವುಟಕ್ಕೂ, ಜಾಕೆಟ್ಟಿಗೂ."

"ಜನ ಕಳಿಸಿ ಆ ಬಾವುಟಗಳನ್ನ ಕಿತ್ತುಹಾಕಿಸ್ತೀನಿ, ಗೊತ್ತಾ?"

"ಕಳಿಸಿ. ನನ್ನ ನಾದಿನಿ ಕಕ್ಕಸಿನ ಮೇಲೆ ಕೂತಿದಾಳೆ. ಕೈಯಲ್ಲಿ ಕತ್ತರಿ ಇದೆ. ಅವಳನ್ನ ಅಲ್ಲಿಂದ ಇಳಿಸೋದು ಹೇಗೆ ಅಂತ ಗೊತ್ತಿರೋಳು ನಾನೊಬ್ಬಳೇ."

ಹಿಂದಿನಿಂದ ಯಾರೋ ನಕ್ಕರು. ಸಾಹೇಬರ ಮುಖ ಕೆಂಪಾಯಿತು. ಸೀಟಿಯ ಕಡೆ ತಿರುಗಿದರು.

"ಏನೋ ಬಾಯ್ಬಿಟ್ಕೊಂಡು ನಿಂತಿದೀಯಾ? ನೀನೂ ಗುಡಿಸ್ತಿದ್ದವನೇ ತಾನೆ? ಹಿಡಿ ಪೊರಕೆ. ಕಾರು ಹೋಗೋಷ್ಟು ಜಾಗ ಮಾಡು."

ಸೀಟಿ ನೆಲದ ಮೇಲಿದ್ದ ಒಂದು ಪೊರಕೆ ಎತ್ತಿಕೊಂಡ. ಗುಂಡುಸೂಜಿ ಅವನನ್ನೇ ನೋಡಿದಳು. ಎಷ್ಟೋ ವರ್ಷ ಬಿಟ್ಟಿದ್ದರೂ ಕೈಗೆ ಹಿಡಿತ ಮರೆತಿರಲಿಲ್ಲ. ಅವನು ಬಗ್ಗಿದ. ಕಸದ ಅಂಚಿಗೆ ಪೊರಕೆ ಮುಟ್ಟಿಸಿದ. ಹಾಗೇ ನಿಂತ. ಆಮೇಲೆ ಬೆನ್ನು ನೆಟ್ಟಗೆ ಮಾಡಿದ.

"ಈ ರಸ್ತೆ ನಮ್ಮಮ್ಮಂದು ಸಾರ್," ಅಂದ. "ನಾನು ಹುಟ್ಟೋಕೂ ಮುಂಚಿನಿಂದ ಅವಳೇ ಗುಡಿಸ್ತಿದ್ಲು. ಅವಳನ್ನೇ ಕರೆಸಿ."

ಸೀಟಿ ಪೊರಕೆಯನ್ನು ಕಸದ ಮೇಲೆ ಇಟ್ಟು, ತಮ್ಮನ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.